ಮೋಟಾರ್‌ಗೆ ತಕ್ಕ ಇಎಸ್‌ಸಿ

ಇಎಸ್‌ಸಿ ಅಂದರೆ ಬ್ಯಾಟರಿಯಿಂದ ಮೋಟಾರ್‌ಗೆ ಹೋಗುವ ಕರೆಂಟ್ ನಿಯಂತ್ರಿಸಿ ವೇಗ ಹೊಂದಿಸುವ ಸಾಧನ. 1/10 ಅಳತೆಯ ಆರ್‌ಸಿ (ರಿಮೋಟ್‌ನಿಂದ ಓಡುವ) ಕಾರಿನ 3650 ಮೋಟಾರ್ ಅಂದರೆ 36 ಮಿ.ಮೀ. ದಪ್ಪ, 50 ಮಿ.ಮೀ. ಉದ್ದ, ಅಷ್ಟೇ. ನೋಡಬೇಕಾದ್ದು ಕೆವಿ, ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆಷ್ಟು ಸುತ್ತು ಅನ್ನೋದು. 3300 ಕೆವಿ ಮೋಟಾರ್‌ಗೆ ಫುಲ್ ಚಾರ್ಜ್ ಆದ 2ಎಸ್ ಲಿಪೋ (ಎರಡು ಸೆಲ್‌ನ ಲಿಥಿಯಂ ಪಾಲಿಮರ್ ಬ್ಯಾಟರಿ, 8.4 ವೋಲ್ಟ್) ಕೊಟ್ಟರೆ, ಲೋಡ್ ಇಲ್ಲದಾಗ ನಿಮಿಷಕ್ಕೆ ಸುಮಾರು 27,700 ಸುತ್ತು. 3ಎಸ್ (ಮೂರು ಸೆಲ್) ಹಾಕಿದರೆ ಸುಮಾರು 41,600! ಇಎಸ್‌ಸಿ 3ಎಸ್ ತಡೆದರೂ ಪಿನಿಯನ್ (ಮೋಟಾರ್ ತುದಿಯ ಚಿಕ್ಕ ಗಿಯರ್) ಹಲ್ಲು ಕಡಿಮೆ ಮಾಡದೆ ಓಡಿಸಬೇಡಿ.

ಹಗುರ ಆನ್‌ರೋಡ್ ಕಾರಿಗೆ 60 ಆಂಪ್ ಇಎಸ್‌ಸಿ ಸಾಕು. ಭಾರದ ಟ್ರಕ್ಕಿಗೆ 80ಕ್ಕಿಂತ ಕಡಿಮೆ ಬೇಡ. ಡಬ್ಬದ ಮೇಲಿನ 'ಬರ್ಸ್ಟ್' (ಗರಿಷ್ಠ ಕರೆಂಟ್) ಅಂಕಿ ನಂಬಬೇಡಿ, ಅದು ಕ್ಷಣಮಾತ್ರದ್ದು.

ಸೆನ್ಸರ್ (ತಿರುಗುವ ಭಾಗ ಎಲ್ಲಿದೆ ಎಂದು ಇಎಸ್‌ಸಿಗೆ ತಿಳಿಸುವ ಸಾಧನ) ಇಲ್ಲದ ಮೋಟಾರ್ ಹಿಂದಕ್ಕೆ ತಿರುಗಿದರೆ ಮೂರರಲ್ಲಿ ಯಾವುದಾದರೂ ಎರಡು ವೈರ್ ಅದಲುಬದಲು ಮಾಡಿ. ಸೆನ್ಸರ್ ಇದ್ದರೆ ಮಾತ್ರ ಆ ಕೈಚಳಕ ಬೇಡ: ಮೋಟಾರ್‌ನ ಎಗೆ ಇಎಸ್‌ಸಿಯ ಎ, ಬಿಗೆ ಬಿ, ಸಿಗೆ ಸಿ. ದಿಕ್ಕನ್ನು ಇಎಸ್‌ಸಿ ಸೆಟ್ಟಿಂಗ್‌ನಲ್ಲೇ ಬದಲಿಸಿ.

ಹೊರಡುವಾಗ ಕಾರು ಗಡಗಡ ನಡುಗಿ ನಿಂತರೆ ಮೊದಲು ಬೆಸುಗೆ ನೋಡಿ. ಒಂದು ವೈರ್ ಬಿಟ್ಟಿದ್ದರೂ ಹೀಗೇ ಆಗುತ್ತದೆ. ಐದು ನಿಮಿಷ ಓಡಿಸಿ ಮೋಟಾರ್ ಬಿಸಿ ಅಳೆಯಿರಿ. 80 ಡಿಗ್ರಿ ದಾಟಿದ್ದರೆ ಪಿನಿಯನ್ ಒಂದು ಹಲ್ಲು ಇಳಿಸಿ.