ಯಾವ ಎಳೆ ಹಳೆಯದು?

ನಮ್ಮ ಜೀವಶಾಸ್ತ್ರದ ಮೇಷ್ಟ್ರು ತೀರಿಕೊಂಡ ಸುದ್ದಿ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದ ದಿನ, ಮೂಡಿಗೆರೆ, ಕೊಪ್ಪ, ಆಲ್ದೂರು, ಬೆಂಗಳೂರು ಎಂದು ಚದುರಿಹೋದವರೆಲ್ಲ ಬರೆದದ್ದು ಒಂದೇ ಪಾಠದ ಬಗ್ಗೆ. ಡಿಗ್ರಿಯಲ್ಲಿ ಓದಿದ್ದರಲ್ಲಿ ಮುಕ್ಕಾಲು ಪಾಲು ಮರೆತಿದೆ. ಡಿಎನ್‌ಎ ನಕಲಾಗುವ ಪಾಠ ಮಾತ್ರ ಯಾರಿಗೂ ಮರೆತಿಲ್ಲ.

ಕಿಣ್ವಗಳ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಮೊದಲು ಅವರು ತೊಡಕು ಏನೆಂದು ಹೇಳುತ್ತಿದ್ದರು. ಡಿಎನ್‌ಎಯ ಎರಡು ಎಳೆಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿವೆ. ಹೊಸ ಎಳೆ ಕಟ್ಟುವ ಪಾಲಿಮರೇಸ್ ಕಿಣ್ವಕ್ಕೆ ಎಳೆಯ ಒಂದೇ ಕೊನೆಗೆ, ಅಂದರೆ 3 ಪ್ರೈಮ್ ತುದಿಗೆ ಮಾತ್ರ ಹೊಸ ಅಕ್ಷರ (ಎ, ಟಿ, ಜಿ, ಸಿ ಎಂಬ ನಾಲ್ಕು ಘಟಕಗಳಲ್ಲೊಂದು) ಸೇರಿಸಲು ಬರುತ್ತದೆ, ಅದೂ ಯಾರಾದರೂ ಮೊದಲು ಶುರು ಮಾಡಿಕೊಟ್ಟರೆ. ಹಾಗಾದರೆ ಎರಡೂ ಎಳೆ ಒಟ್ಟಿಗೆ ನಕಲಾಗುವುದು ಹೇಗೆ? ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟು ಸುಮ್ಮನೆ ನಿಲ್ಲುತ್ತಿದ್ದರು. ಆಮೇಲೆ ಒಂದೊಂದೇ ಕಿಣ್ವ ಬರುತ್ತಿತ್ತು: ಎಳೆ ಬಿಡಿಸುವ ಹೆಲಿಕೇಸ್, ಮುಂದೆ ಬಿಗಿಯಾಗುವ ತಿರುಚನ್ನು ಸಡಿಲಿಸುವ ಟೋಪೋಐಸೋಮರೇಸ್, ಸುಮಾರು ಹತ್ತು ಅಕ್ಷರದ ಆರ್‌ಎನ್‌ಎ ಚೂರಿನಿಂದ ಶುರು ಮಾಡಿಕೊಡುವ ಪ್ರೈಮೇಸ್. ಒಂದು ಎಳೆ ತಡೆಯಿಲ್ಲದೆ ಸಾಗುತ್ತದೆ. ಇನ್ನೊಂದು ತುಂಡುತುಂಡಾಗಿ ಹಿಂದಕ್ಕೆ ಕಟ್ಟಿಕೊಳ್ಳುತ್ತದೆ. ಈ ಒಕಾಜಾಕಿ ತುಣುಕುಗಳು ಬ್ಯಾಕ್ಟೀರಿಯಾದಲ್ಲಿ 1,000ದಿಂದ 2,000 ಅಕ್ಷರ ಉದ್ದ, ನಮ್ಮಲ್ಲಿ 100ರಿಂದ 200 ಅಷ್ಟೆ. ಆರ್‌ಎನ್‌ಎ ಚೂರನ್ನು ತೆಗೆದು, ಖಾಲಿ ಜಾಗ ತುಂಬಿದ ಮೇಲೆ ಲೈಗೇಸ್ ಬಂದು ಬೆಸೆಯುತ್ತದೆ.

ಲೆಕ್ಕವನ್ನು ನಮ್ಮ ಕೈಯಲ್ಲೇ ಮಾಡಿಸುತ್ತಿದ್ದರು. ಇ. ಕೋಲಿ ಎಂಬ ಬ್ಯಾಕ್ಟೀರಿಯಾದ 46 ಲಕ್ಷ ಅಕ್ಷರ ಜೋಡಿ, ನಕಲು ಸಾಗುವ ಎರಡು ಕವಲು, ಸೆಕೆಂಡಿಗೆ 1,000 ಅಕ್ಷರ. ಸುಮಾರು 40 ನಿಮಿಷದ ಕೆಲಸ. ನಮ್ಮ ಪಾಲಿಮರೇಸಿನ ವೇಗ ಸೆಕೆಂಡಿಗೆ 50ರ ಆಸುಪಾಸು. ಅದಕ್ಕೇ ನಮ್ಮ ವರ್ಣತಂತುಗಳಲ್ಲಿ ನಕಲು ಸಾವಿರಾರು ಕಡೆಯಿಂದ ಶುರುವಾಗುತ್ತದೆ. ಒಟ್ಟು ಎಂಟು ಗಂಟೆಯಲ್ಲಿ ಮುಗಿಯುತ್ತದೆ.

ಲ್ಯಾಬಿನಲ್ಲಿ ಅವರೇ ಕಟ್ಟಿದ ಒಂದು ಮಾದರಿಯಿತ್ತು. ಎರಡು ತೆಂಗಿನ ನಾರಿನ ಹಗ್ಗ, ನಾಲ್ಕು ಬಣ್ಣದ ಬಟ್ಟೆ ಕ್ಲಿಪ್ಪು: ಎ ಕೆಂಪು, ಟಿ ಹಸಿರು, ಜಿ ಹಳದಿ, ಸಿ ನೀಲಿ. ಎ ಎದುರಿಗೆ ಟಿ, ಜಿ ಎದುರಿಗೆ ಸಿ ಕೂರಬೇಕು. ಒಂದು ಸಂಜೆ, ಜೋರು ಮಳೆಗೆ ಕರೆಂಟು ಹೋಗಿದ್ದಾಗ, ಹಾಸ್ಟೆಲಿನ ಹುಡುಗರು ಹಳದಿಯ ಎದುರಿನ ನೀಲಿ ಕ್ಲಿಪ್ಪು ಕಿತ್ತು ಹಸಿರು ಸಿಕ್ಕಿಸಿಟ್ಟರು. ಮಾರನೆಯ ದಿನ ಮೇಷ್ಟ್ರು ಕಂಡುಹಿಡಿಯಲು ಒಂದು ನಿಮಿಷವೂ ಆಗಲಿಲ್ಲ. ಬೈಯಲಿಲ್ಲ. ‘ಜಿ ಎದುರಿಗೆ ಟಿ ಕೂತಿದೆ ನೋಡ್ರಪ್ಪಾ. ಟಿ ಕಿತ್ತು ಸಿ ಹಾಕಿದರೂ ಜೋಡಿ ಸರಿಹೋಗುತ್ತೆ, ಜಿ ಕಿತ್ತು ಎ ಹಾಕಿದರೂ ಸರಿಹೋಗುತ್ತೆ. ಯಾವುದನ್ನು ಕೀಳೋಣ?’ ತರಗತಿಯಲ್ಲಿ ಉತ್ತರವಿರಲಿಲ್ಲ. ಆಗ ಒಂದು ಹಗ್ಗದಲ್ಲಿ ಜಿ-ಎ-ಟಿ-ಸಿ ಎಂದು ಬರುವ ಕಡೆಯಲ್ಲೆಲ್ಲ ಎ ಕ್ಲಿಪ್ಪಿನ ಮೇಲೆ ಸೀಮೆಸುಣ್ಣದ ಚುಕ್ಕೆಯಿಟ್ಟರು. ‘ಇದು ಹಳೆಯ ಎಳೆ. ಚುಕ್ಕೆ ಇಲ್ಲದ್ದು ಈಗ ತಾನೇ ಕಟ್ಟಿದ್ದು. ತಪ್ಪು ಇರೋದು ಅದರಲ್ಲೇ.’

ಆ ಚುಕ್ಕೆ ಮೀಥೈಲ್ ಗುಂಪು. ಇ. ಕೋಲಿಯಲ್ಲಿ ಹೊಸ ಎಳೆಗೆ ಅದು ಬೀಳಲು ಕೆಲವು ನಿಮಿಷ ತಡವಾಗುತ್ತದೆ. ತಿದ್ದುಪಡಿ ಆಗಬೇಕಾದದ್ದು ಆ ಸಂದಿನಲ್ಲೇ. ಮ್ಯೂಟ್‌ಎಸ್ ಎಂಬ ಪ್ರೋಟೀನು ತಪ್ಪನ್ನು ಹಿಡಿಯುತ್ತದೆ, ಮ್ಯೂಟ್‌ಎಲ್ ಸುದ್ದಿ ಮುಟ್ಟಿಸುತ್ತದೆ, ಮ್ಯೂಟ್‌ಎಚ್ ಚುಕ್ಕೆಯಿಲ್ಲದ ಎಳೆಯನ್ನು ಕತ್ತರಿಸುತ್ತದೆ. ನಮ್ಮ ಜೀವಕೋಶದಲ್ಲಿ ಈ ಚುಕ್ಕೆಯ ಗುರುತಿಲ್ಲ. ಹೊಸ ಎಳೆಯಲ್ಲಿ ಇನ್ನೂ ಬೆಸೆಯದೆ ಉಳಿದ ಬಿರುಕುಗಳೇ ಗುರುತು. ಪಾಲಿಮರೇಸ್ ತಾನಾಗಿ ಲಕ್ಷಕ್ಕೊಂದು ತಪ್ಪು ಮಾಡುತ್ತದೆ. ಅಷ್ಟನ್ನೇ ನಂಬಿದ್ದರೆ 640 ಕೋಟಿ ಜೋಡಿಯ ನಮ್ಮ ಪ್ರತಿ ಮರಿಕೋಶಕ್ಕೂ 64,000 ತಪ್ಪು ಬೀಳುತ್ತಿತ್ತು. ಹಿಂದಕ್ಕೆ ಸರಿದು ತನ್ನದೇ ಅಕ್ಷರ ಅಳಿಸುವ ಶಕ್ತಿ ಅದಕ್ಕಿರುವುದರಿಂದ ತಪ್ಪು ಸುಮಾರು ಕೋಟಿಗೊಂದಕ್ಕೆ ಇಳಿಯುತ್ತದೆ. ತಪ್ಪು ಜೋಡಿ ಹುಡುಕುವ ಈ ತಿದ್ದುಪಡಿಯಿಂದ ನೂರು ಕೋಟಿಗೊಂದಕ್ಕೆ. ತಿದ್ದುವ ಜೀನ್ ಹುಟ್ಟಿನಿಂದಲೇ ಕೆಟ್ಟಿರುವ ಕುಟುಂಬಗಳಲ್ಲಿ ಚಿಕ್ಕ ವಯಸ್ಸಿಗೇ ದೊಡ್ಡ ಕರುಳಿನ ಕ್ಯಾನ್ಸರ್ ಬರುವ ಅಪಾಯ ಹೆಚ್ಚು. ಲಿಂಚ್ ಸಿಂಡ್ರೋಮ್ ಎನ್ನುವುದು ಅದನ್ನೇ. 2015ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಪಾಲ್ ಮೊಡ್ರಿಚ್ ದುಡಿದದ್ದು ಇದೇ ವಿಷಯದಲ್ಲಿ.

ನಕಲು ಮಾಡದಿದ್ದರೂ ಡಿಎನ್‌ಎ ಕೆಡುತ್ತದೆ. ಮೈಯ ನೀರು, ಬಿಸಿ ಸಾಕು: ದಿನಕ್ಕೆ ಒಂದೊಂದು ಜೀವಕೋಶದಲ್ಲೂ ನೂರಕ್ಕೂ ಹೆಚ್ಚು ಸಿ, ಅಂದರೆ ಸೈಟೊಸಿನ್‌ಗಳು ಆರ್‌ಎನ್‌ಎಯ ಅಕ್ಷರವಾದ ಯುರಾಸಿಲ್ ಆಗುತ್ತವೆ. ಡಿಎನ್‌ಎಯಲ್ಲಿ ಯುರಾಸಿಲ್ ಬದಲು ಥೈಮಿನ್ (ಟಿ) ಇರುವುದು ಎಷ್ಟು ದೊಡ್ಡ ಉಪಕಾರ ಎಂದು ಮೇಷ್ಟ್ರು ಹೇಳುತ್ತಿದ್ದದ್ದು ಇಲ್ಲಿಯೇ. ಯುರಾಸಿಲ್ ಕಂಡರೆ ಅದು ಹಾಳಾದ ಸೈಟೊಸಿನ್ ಎಂದೇ ಲೆಕ್ಕ, ಗ್ಲೈಕೋಸಿಲೇಸ್ ಎಂಬ ಕಿಣ್ವ ಅದನ್ನು ಕಿತ್ತೆಸೆಯುತ್ತದೆ. ಮುಳ್ಳಯ್ಯನಗಿರಿಯ ಬಿಸಿಲಿಗೆ ಅಕ್ಕಪಕ್ಕದ ಎರಡು ಥೈಮಿನ್ ಅಂಟಿಕೊಂಡರೆ, ಗಿಡಗಳಲ್ಲಿರುವ ಫೋಟೊಲೈಯೇಸ್ ಬೆಳಕನ್ನೇ ಬಳಸಿ ಬಿಡಿಸುತ್ತದೆ. ನಮಗೆ ಆ ಕಿಣ್ವವಿಲ್ಲ. ಸುಮಾರು 30 ಅಕ್ಷರದ ತುಂಡನ್ನೇ ಕತ್ತರಿಸಿ ತೆಗೆದು, ಎದುರಿನ ಎಳೆ ನೋಡಿ ತುಂಬಬೇಕು.

ಈಗಿನ ಮಕ್ಕಳು ಈ ಕಿಣ್ವಗಳ ಪಟ್ಟಿಯನ್ನು ನಮಗಿಂತ ಚೆನ್ನಾಗಿ ಒಪ್ಪಿಸುತ್ತಾರೆ. ನಾಲ್ಕು ಆಯ್ಕೆಯಲ್ಲಿ ಒಂದಕ್ಕೆ ಗುರುತು ಹಾಕಲು ಅಷ್ಟು ಸಾಕು, ಅವರದೇನೂ ತಪ್ಪಿಲ್ಲ. ಆದರೆ ‘ಯಾವುದನ್ನು ಕೀಳೋಣ’ ಎಂದು ಕೇಳಿ ಕಾಯುವಷ್ಟು ಸಮಯ ಕೋಚಿಂಗ್ ತರಗತಿಗೆ ಇಲ್ಲ. ನಮಗೆ ಅದು ಸಿಕ್ಕಿತ್ತು. ನಮ್ಮಷ್ಟು ಪ್ರಶ್ನೆ ಕೇಳಿದ ಬ್ಯಾಚು ಇನ್ನೊಂದಿಲ್ಲ ಎಂದು ಅವರು ಸ್ಟಾಫ್ ರೂಮಿನಲ್ಲಿ ಹೇಳುತ್ತಿದ್ದರಂತೆ. ಅದನ್ನು ನಾವು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ.

ಆ ಪ್ರಶ್ನೆಗಳಲ್ಲಿ ಒಂದು: ಎರಡೂ ಎಳೆ ಒಂದೇ ಕಡೆ ತುಂಡಾದರೆ ಏನನ್ನು ನೋಡಿ ತಿದ್ದುವುದು? ಎಕ್ಸ್‌ರೇ ಹೀಗೆ ತುಂಡರಿಸಬಲ್ಲದು. ನಕಲು ಮುಗಿದಿದ್ದರೆ ಪಕ್ಕದಲ್ಲೇ ಅದೇ ಅಕ್ಷರಗಳ ಜೋಡಿ ಪ್ರತಿ ಇರುತ್ತದೆ. ಅದನ್ನು ನೋಡಿ ಸರಿಪಡಿಸಲು ಬಿಆರ್‌ಸಿಎ1, ಬಿಆರ್‌ಸಿಎ2 ಪ್ರೋಟೀನುಗಳು ಬೇಕು. ಅವುಗಳ ಜೀನ್ ಹುಟ್ಟಿನಿಂದ ಕೆಟ್ಟಿರುವವರಲ್ಲಿ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಹೆಚ್ಚು. ನಕಲು ಇನ್ನೂ ಆಗಿಲ್ಲದಿದ್ದರೆ ಕೂ ಎಂಬ ಪ್ರೋಟೀನು ಎರಡು ತುದಿಗಳನ್ನು ಹಿಡಿದುಕೊಳ್ಳುತ್ತದೆ, ಲೈಗೇಸ್ ಬೆಸೆಯುತ್ತದೆ. ನೋಡಿಕೊಳ್ಳಲು ಮೂಲಪ್ರತಿ ಇಲ್ಲದ್ದರಿಂದ ಕೆಲವು ಅಕ್ಷರ ಕಳೆದುಹೋಗುವುದುಂಟು. ವರ್ಣತಂತು ತುಂಡಾಗಿಯೇ ಉಳಿಯುವುದಕ್ಕಿಂತ ಜೀವಕೋಶಕ್ಕೆ ಆ ನಷ್ಟವೇ ವಾಸಿ.