ಬ್ಯಾಟರಿ ಮುಗಿದ ಬುಧವಾರ

1964ರ ಮೇ ತಿಂಗಳಲ್ಲಿ ತಿಪಟೂರಿನ ಸಮೀಪದ ನಮ್ಮ ಊರಿಗೆ ಇನ್ನೂ ವಿದ್ಯುತ್ ಬಂದಿರಲಿಲ್ಲ. ಆದರೂ ತಾತನ ಪಡಸಾಲೆಯಲ್ಲಿ ರೇಡಿಯೊ ಇತ್ತು. ಅದರ ಬ್ಯಾಟರಿ ಈಗಿನ ಸೆಲ್ಲುಗಳಂಥದಲ್ಲ. ಎರಡು ಇಟ್ಟಿಗೆ ಜೋಡಿಸಿಟ್ಟಷ್ಟು ದಪ್ಪನಾಗಿದ್ದು, ರೇಡಿಯೊದೊಳಗಿನ ಗಾಜಿನ ವಾಲ್ವುಗಳನ್ನು ಕಾಯಿಸುವ ಒಂದೂವರೆ ವೋಲ್ಟೂ ಅವುಗಳನ್ನು ದುಡಿಸುವ 90 ವೋಲ್ಟೂ ಆ ಒಂದೇ ರಟ್ಟಿನ ಡಬ್ಬಿಯೊಳಗಿದ್ದವು. ಮುಗಿದರೆ ಪೇಟೆಯಿಂದ ಮತ್ತೊಂದನ್ನು ಹೊತ್ತು ತರಬೇಕಾದ್ದರಿಂದ ತಾತ ಅದನ್ನು ತುಪ್ಪ ಬಡಿಸಿದಂತೆ ಬಳಸುತ್ತಿದ್ದರು. ಬೆಳಗಿನ ಮತ್ತು ಸಂಜೆಯ ವಾರ್ತೆ, ಶನಿವಾರ ರಾತ್ರಿ ದೆಹಲಿಯಿಂದ ಬರುವ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ, ಅಷ್ಟೇ. ಬುಧವಾರ ರಾತ್ರಿ ಎಂಟಕ್ಕೆ ರೇಡಿಯೊ ಸಿಲೋನಿನ ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ ಬಿನಾಕಾ ಗೀತಮಾಲಾ ಮಾತ್ರ ಚಿಕ್ಕಪ್ಪ ಕಾಡಿ ಬೇಡಿ ಪಡೆದಿದ್ದ ರಿಯಾಯಿತಿ.

ರೇಡಿಯೊದ ಅರ್ತ್ ತಂತಿಯನ್ನು ಹಿತ್ತಿಲಿನ ಬಾವಿಕಟ್ಟೆಯ ಪಕ್ಕದಲ್ಲಿ ಹೂಳಲಾಗಿತ್ತು. ಬೇಸಿಗೆಯಲ್ಲಿ ನೆಲ ಒಣಗಿದರೆ ಧ್ವನಿಯೊಡನೆ ಗೊರಗೊರ ಸದ್ದು ಬೆರೆಯುತ್ತಿದ್ದುದರಿಂದ, ವಾರ್ತೆಗೆ ಮುಂಚೆ ಅಲ್ಲಿಗೆ ಒಂದು ಚೆಂಬು ನೀರು ಹೊಯ್ಯುವುದು ಹನ್ನೊಂದು ವರ್ಷ ವಯಸ್ಸಿನ ನನ್ನ ಕೆಲಸವಾಗಿತ್ತು. 27ರ ಬುಧವಾರ ಬೆಳಗ್ಗೆಯೂ ಹೊಯ್ದಿದ್ದೆ. ಎಂದಿನ ಮುದ್ರಾಸಂಗೀತ, ಎಂದಿನ ವಂದೇ ಮಾತರಂ, ಎಂದಿನ ವಾರ್ತೆ, ವಿಶೇಷವೇನೂ ಇರಲಿಲ್ಲ.

ಮಧ್ಯಾಹ್ನ ಮೂರರ ಸುಮಾರಿಗೆ ತಿಪಟೂರಿನಿಂದ ಸೈಕಲ್ಲಿನಲ್ಲಿ ಬಂದ ಕೊಬ್ಬರಿ ದಲ್ಲಾಳಿಯೊಬ್ಬರು, ಜಗಲಿಯ ಮೇಲೆ ಕೂರುವ ಮೊದಲೇ, "ಸ್ವಾಮಿ, ರೇಡಿಯೊ ಹಾಕಿ. ನೆಹರೂ ಹೋದರಂತೆ" ಎಂದರು. ತಾತನಿಗೆ ಮೊದಲು ಬಂದದ್ದು ಸಿಟ್ಟು. ಜನವರಿಯಲ್ಲಿ ಭುವನೇಶ್ವರದಲ್ಲಿ ನೆಹರೂ ಅವರಿಗೆ ಪಾರ್ಶ್ವವಾಯು ಬಡಿದಾಗಿನಿಂದ ಇಂಥ ಪುಕಾರು ಎಷ್ಟೋ ಸಲ ಬಂದುಹೋಗಿದ್ದವು. ಗೊಣಗುತ್ತಲೇ ಗುಂಡಿ ತಿರುಗಿಸಿದರು. ಬೆಂಗಳೂರಿನಿಂದ ಮಾತಿಲ್ಲ, ದೊಡ್ಡವರು ತೀರಿಕೊಂಡಾಗ ಹಾಕುವ ಸಾರಂಗಿ ಮಾತ್ರ. ಧಾರವಾಡಕ್ಕೆ ಮುಳ್ಳು ಸರಿಸಿದರೆ ಅಲ್ಲಿಯೂ ಅದೇ ಸಾರಂಗಿ. ಯಾರೂ ಏನನ್ನೂ ಹೇಳುವ ಮುನ್ನವೇ ತಾತ ತಲೆಯ ಮೇಲಿನ ರುಮಾಲನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. ಅವರ ಬರಿದಲೆಯನ್ನು ಊರಿನವರು ಕಂಡದ್ದು ಅಂದೇ ಇರಬೇಕು.

ಸಂಜೆಯ ಹೊತ್ತಿಗೆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರು ಅಡುಗೆಮನೆಯ ಬಾಗಿಲಲ್ಲಿ, ಕೂಲಿಯವರು ಅಂಗಳದಲ್ಲಿ ನಿಂತಿದ್ದರು. ಇಂಗ್ಲಿಷಿನಲ್ಲಿ ಬಂದದ್ದನ್ನೆಲ್ಲ ತಾತ ಕನ್ನಡದಲ್ಲಿ ಹೇಳುತ್ತಿದ್ದರು. ಗುಲ್ಜಾರಿಲಾಲ್ ನಂದಾ ಹಂಗಾಮಿ ಪ್ರಧಾನಿಯಾದರೆಂದಾಗ, "ಅವರು ಯಾರು ಬುದ್ಧಿ?" ಎಂದು ಅಂಗಳದಿಂದ ಒಬ್ಬರು ಕೇಳಿದ್ದು ನೆನಪಿದೆ. ರಾಷ್ಟ್ರಪತಿ ರಾಧಾಕೃಷ್ಣನ್ ಅವರ ಭಾಷಣ ಬಂದಾಗ ಮಾತ್ರ ತಾತ ಅನುವಾದವನ್ನು ನಿಲ್ಲಿಸಿ, "ಇವರು ನಮ್ಮ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದವರು" ಎಂದಷ್ಟೇ ಹೇಳಿ ಕೇಳುತ್ತ ಕುಳಿತರು. ದುಃಖದ ನಡುವೆಯೂ ಮೈಸೂರಿನ ಅಭಿಮಾನ ಅವರನ್ನು ಬಿಡುತ್ತಿರಲಿಲ್ಲ. ಆಕಾಶವಾಣಿ ಎಂಬ ಹೆಸರೇ 1935ರಲ್ಲಿ ಮನೆಯಲ್ಲೇ ರೇಡಿಯೊ ಕೇಂದ್ರ ತೆರೆದ ಮೈಸೂರಿನ ಪ್ರಾಧ್ಯಾಪಕ ಗೋಪಾಲಸ್ವಾಮಿಯವರ ಮನೆಯಿಂದ ಹೊರಟದ್ದೆಂದು ಅವರು ನಮಗೆ ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು.

ಎಂಟು ಹೊಡೆಯಿತು. ಚಿಕ್ಕಪ್ಪ ಗಡಿಯಾರವನ್ನು ನೋಡಿದ್ದನ್ನು ನಾನು ನೋಡಿದೆ. ನಾನು ನೋಡಿದೆನೆಂದು ತಿಳಿದು ಆತ ತಲೆ ತಗ್ಗಿಸಿದ. ಅಂದು ತಾತ ಒಮ್ಮೆಯೂ ರೇಡಿಯೊ ಆರಿಸಲಿಲ್ಲ. ಹತ್ತು ಗಂಟೆಯ ಸುಮಾರಿಗೆ ಧ್ವನಿ ಕ್ಷೀಣಿಸತೊಡಗಿತು; ನಾನು ಕತ್ತಲಲ್ಲೇ ಹೋಗಿ ಎರಡು ಚೆಂಬು ನೀರು ಹೊಯ್ದು ಬಂದೆ. ಪ್ರಯೋಜನವಾಗಲಿಲ್ಲ. ಪೆಟ್ಟಿಗೆಗೆ ಕಿವಿ ಹಚ್ಚಿದ್ದ ತಾತ, "ಮುಗಿಯಿತು" ಎಂದರು.

ಮರುದಿನ ಬ್ಯಾಟರಿಯನ್ನು ಬಿಚ್ಚಿ ಬಿಸಿಲಿಗಿಟ್ಟು, ಎರಡು ಮೈಲಿ ದೂರದ ಊರಿನ ಪಂಚಾಯಿತಿ ರೇಡಿಯೊದ ಮುಂದೆ ಕುಳಿತು ತೀನ್ ಮೂರ್ತಿ ಭವನದಿಂದ ಯಮುನೆಯ ದಂಡೆಯವರೆಗಿನ ಅಂತಿಮಯಾತ್ರೆಯ ವೀಕ್ಷಕ ವಿವರಣೆಯನ್ನು ಕೇಳಿದೆವು. ಹಿಂದಿರುಗಿ ತಂತಿ ಜೋಡಿಸಿದಾಗ ಬಿಸಿಲು ಕುಡಿದ ಬ್ಯಾಟರಿ ಕಾಲು ಗಂಟೆ ಮಾತನಾಡಿ ಮತ್ತೆ ಸುಮ್ಮನಾಯಿತು. ಜೂನ್ 9ರಂದು ಶಾಸ್ತ್ರಿಯವರು ಪ್ರಧಾನಿಯಾದುದನ್ನು ನಾವು ಕೇಳಲಿಲ್ಲ, ತಡವಾಗಿ ಬಂದ ಪತ್ರಿಕೆಯಲ್ಲಿ ಓದಿದೆವು. ಕೊಬ್ಬರಿ ಮಾರಿದ ಮೇಲೆ ಹೊಸ ಬ್ಯಾಟರಿ ಬಂತು. ಅದಾದ ಮೊದಲ ಬುಧವಾರ, ಎಂಟಕ್ಕೆ ಐದು ನಿಮಿಷವಿರುವಾಗ, ತಾತ ತಾವಾಗಿಯೇ ಮುಳ್ಳನ್ನು ಸಿಲೋನಿಗೆ ತಿರುಗಿಸಿ ಚಿಕ್ಕಪ್ಪನನ್ನು ಕೂಗಿದರು.