ಶಿರಸಿಯ ಅಹೋರಾತ್ರಿ ಸಂಗೀತಕ್ಕೆ ಹೋಗುವವರಿಗೆ: ರೂಮು ಹಗಲಿಗೆ ಹಿಡಿಯಿರಿ

ಶಿರಸಿ ಕಡೆ ರಾತ್ರಿಯಿಡೀ ನಡೆಯುವ ಸಂಗೀತ ಕಾರ್ಯಕ್ರಮಕ್ಕೆ ಹೊರಟಿದ್ದರೆ ರಾತ್ರಿಗೆ ರೂಮು ಬೇಡ. ರೂಮು ಬೇಕಾಗುವುದು ಮರುದಿನ ಬೆಳಿಗ್ಗೆ. ನಾನು ಹಿಡಿದ ಲಾಡ್ಜಿನವರು ಫೋನಿನಲ್ಲಿ 24 ತಾಸಿನ ಲೆಕ್ಕ ಎಂದಿದ್ದರು. ಸಂಜೆ ಬ್ಯಾಗ್ ಇಟ್ಟು ಹೋದೆ, ಬೆಳಿಗ್ಗೆ ಬಂದು ಮಲಗಿದೆ. ಹತ್ತೂವರೆಗೆ ಬಾಗಿಲು ಬಡಿದರು. ಹನ್ನೊಂದಕ್ಕೆ ಖಾಲಿ ಮಾಡಬೇಕಂತೆ, ಇಲ್ಲಾಂದ್ರೆ ಇನ್ನೊಂದು ದಿನದ ಬಾಡಿಗೆ. ಮದುವೆ ಸೀಸನ್ ಅಂತ ರೇಟು ಮೊದಲೇ ಜಾಸ್ತಿ ಮಾಡಿದ್ದರು. ಸಿಟ್ಟು ಇನ್ನೂ ಇಳಿದಿಲ್ಲ. ನೀವು ಚೆಕ್‌ಔಟ್ ಸಮಯವನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ.

ಕುಮಟಾದಿಂದ ಸುಮಾರು 60 ಕಿಲೋಮೀಟರ್. ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸ ಇದ್ದರೆ ಬಸ್ಸು ಸುತ್ತು ಹಾಕುತ್ತದೆ, ಮೊದಲೇ ವಿಚಾರಿಸಿ. ಸಂಜೆಯ ಬಸ್ಸಿನಲ್ಲಿ ಸೀಟು ಸಿಗುವ ಆಸೆ ಬೇಡ. ನಾನು ಘಟ್ಟ ಪೂರ್ತಿ ನಿಂತೇ ಹತ್ತಿದೆ. ಮಧ್ಯಾಹ್ನವೇ ಹೊರಡಿ.

ಸಭೆಯಲ್ಲಿ ಬಹುಪಾಲು ಅಡಿಕೆ ತೋಟದವರು. ಚಾಪೆ ಮೇಲೆ ಕೂತು, ತಾಳದ ಸುತ್ತು ಶುರುವಾಗುವ ಪೆಟ್ಟು, ಅಂದರೆ ಸಮಕ್ಕೆ ಸರಿಯಾಗಿ ತಲೆ ಹಾಕುತ್ತಾರೆ. ಇಲ್ಲಿ ಹಾಡುವ ಖಯಾಲ್, ಅಂದರೆ ಹಿಂದೂಸ್ತಾನಿ ಗಾಯನದ ಒಂದು ಶೈಲಿ, ಈ ತೋಟಗಳಿಗೆ ಬಂದ ದಾರಿ ಧಾರವಾಡದ್ದು. ಉತ್ತರದ ಕೈರಾನಾದಲ್ಲಿ 1872ರಲ್ಲಿ ಹುಟ್ಟಿದ ಅಬ್ದುಲ್ ಕರೀಂ ಖಾನರು ಮೈಸೂರು ಅರಮನೆಗೆ ಹಾಡಲು ಬರುತ್ತಿದ್ದರು, ಧಾರವಾಡದಲ್ಲೂ ತಂಗುತ್ತಿದ್ದರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಕಲಿತದ್ದು ಸವಾಯಿಯವರ ಹತ್ತಿರ. ಅದೇ ಧಾರವಾಡದ ಬಸವರಾಜ ರಾಜಗುರು ಅವರಲ್ಲಿ ಕಲಿತವರು ನಮ್ಮ ಉತ್ತರ ಕನ್ನಡದ ಗಣಪತಿ ಭಟ್ ಹಾಸಣಗಿ. ಹೀಗೆ ಒಬ್ಬರಿಂದ ಒಬ್ಬರಿಗೆ, ಬಾಯಿಂದ ಕಿವಿಗೆ ದಾಟಿ ಬಂದ ವಿದ್ಯೆ ಇದು.

ರಾತ್ರಿ ಒಂದೂವರೆಗೆ ಮಾಲ್ಕೌಂಸ್ ರಾಗ ಮುಗಿಯಿತು, ಬೆಂಗಳೂರಿನವರು ಎದ್ದರು. ನಾನೂ ಚಪ್ಪಲಿ ಹುಡುಕುತ್ತಿದ್ದೆ. ಪಕ್ಕದ ಹಿರಿಯರು ಕೈ ಹಿಡಿದರು. "ತಮಾ, ಈಗ ಎದ್ದು ಹೋಗಡ. ಭೈರವ ಇನ್ನೂ ಬಾಕಿ ಇದ್ದು."

ಅವರ ಮಾತು ಕೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ಹಿಂದೂಸ್ತಾನಿಯಲ್ಲಿ ರಾಗಕ್ಕೆ ಹೊತ್ತು ಇರುತ್ತದೆ. ಸಂಜೆಯ ಸಭೆಗಳಿಗಷ್ಟೇ ಹೋಗುವವರಿಗೆ ಮುಂಜಾವಿನ ರಾಗಗಳು ಸಿಗುವುದೇ ಅಪರೂಪ. ಐದರ ಹೊತ್ತಿಗೆ ಗಾಯಕರು ತಂಬೂರಿಯ ತಂತಿ ಕೆಳಗಿನ ನೂಲನ್ನು ಕೂದಲೆಳೆಯಷ್ಟು ಸರಿಸಿದರು. ಒಂದು ಕಡೆ ಬಂದಾಗ ನಾದ ಒಮ್ಮೆಲೇ ಅರಳಿತು. ಮೊದಲು ಲಲಿತ್, ಶುದ್ಧ, ತೀವ್ರ ಎರಡೂ ಮಧ್ಯಮ (ಮ) ಇರುವ ರಾಗ. ಆಮೇಲೆ ಭೈರವ್. ಕೋಮಲ ರಿಷಭ, ಅಂದರೆ ತಗ್ಗಿಸಿದ ರಿ, ತೂಗುತ್ತಾ ಷಡ್ಜಕ್ಕೆ (ಸ) ಇಳಿದಾಗ ಮೈ ಜುಮ್ಮೆಂದಿತು. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತದ ಮೊದಲ ಪಾಠ ಸರಳೆ ವರಸೆ ಕಲಿತವರಿಗೆ ಇದು ಗುರುತಿನ ಸ್ವರವೇ. ಆ ಪಾಠದ ರಾಗ ಮಾಯಾಮಾಳವಗೌಳದ ಏಳು ಸ್ವರಗಳೂ ಭೈರವದ ಸ್ವರಗಳೂ ಒಂದೇ. ಆ ರಾಗದಲ್ಲಿ ಮಕ್ಕಳ ಪಾಠ ಶುರುಮಾಡುವ ಕ್ರಮ ಪುರಂದರದಾಸರದು ಎನ್ನುತ್ತಾರೆ. 13ನೇ ಶತಮಾನದಲ್ಲಿ ಶಾರ್ಙ್ಗದೇವ ದೇವಗಿರಿಯಲ್ಲಿ ಬರೆದ ಸಂಗೀತ ರತ್ನಾಕರವನ್ನು ಹಿಂದೂಸ್ತಾನಿ, ಕರ್ನಾಟಕ ಎರಡೂ ಕಡೆಯವರು ತಮ್ಮದೆನ್ನುವುದು ಸುಮ್ನೆ ಅಲ್ಲ. ಪುಸ್ತಕದಲ್ಲಿ ಓದಿದ್ದು ಅವತ್ತು ಕಿವಿಗೆ ಬಿತ್ತು.

ಚಳಿಗಾಲವಾದರೆ ಶಾಲು, ಟೋಪಿ ಬೇಕೇ ಬೇಕು. ಸ್ಪೀಕರಿನ ಎದುರು ಕೂರಬೇಡಿ.

ಊಟಕ್ಕೆ ಹಳೇ ಬಸ್ ಸ್ಟ್ಯಾಂಡ್ ಕಡೆಯ ಚಿಕ್ಕ ಹೋಟೆಲುಗಳನ್ನು ನೋಡಿ. ನಾನು ಹೋದಲ್ಲಿ ನಾಲ್ಕೇ ಟೇಬಲ್ಲು. ಬಾಳೆಲೆ, ಒಂದೆಲಗದ ತಂಬುಳಿ, ಹಲಸಿನ ಹಪ್ಪಳ, ಲೋಟದಲ್ಲಿ ಅಪ್ಪೆಹುಳಿ. ಮಾವಿನಮಿಡಿಯ ಹುಳಿ, ಇಂಗಿನ ಒಗ್ಗರಣೆ, ಸೂಜಿಮೆಣಸಿನ ಖಾರ. ಲೋಟ ಖಾಲಿಯಾದಂತೆ ಹೋಟೆಲಿನ ಅಮ್ಮ ಕೇಳದೆಯೇ ತುಂಬಿಸುತ್ತಿದ್ದರು. ಬಿಲ್ಲು ನೋಡಿ, ಏನೋ ಬಿಟ್ಟಿದ್ದಾರೆ ಅಂತ ನಾನೇ ಕೇಳಿದೆ. ಅಷ್ಟೇ ಅಂದರು. ಆದರೆ ಅಪ್ಪೆಹುಳಿ ಕುಡಿದರೆ ಗಡದ್ದಾಗಿ ನಿದ್ದೆ ಬರುತ್ತದೆ. ಸಂಗೀತಕ್ಕೆ ಮೊದಲು ಬೇಡ, ಮರುದಿನ ಮಧ್ಯಾಹ್ನ ಕುಡಿಯಿರಿ. ಎರಡೂವರೆ ದಾಟಿದರೆ ಪಾತ್ರೆ ಖಾಲಿ.